ಪಟ್ಟಿ ಖಾಲಿ ಬಂದರೆ ಡೇಟಾಬೇಸ್ ಖಾಲಿ ಅಂತಲ್ಲ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ತಿಂಗಳ ಪತ್ರಗಳನ್ನು ಜಗಲಿಯಲ್ಲಿ ಹರಡಿಕೊಂಡು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮುಳ್ಳೇರಿಯ, ಪೆರ್ಲ, ಜತ್ತ, ತಾಳವಾಡಿ, ರಾಯದುರ್ಗ, ಎಲ್ಲಿಂದ ಬರೆದವರೂ ಒಂದೇ ಕಡೆ ಸಿಕ್ಕಿಬಿದ್ದಿದ್ದಾರೆ. ಹ್ಯಾಸ್ಕೆಲ್ ಅಥವಾ ಎಲಿಕ್ಸಿರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದ್ದಾರೆ. ಪಟ್ಟಿ ತಿರುಗಿಸುವುದು, ಒಂದು ಫಂಕ್ಷನ್‌ಗೆ ಇನ್ನೊಂದು ಫಂಕ್ಷನ್ ಕೊಡುವುದು, ಅದೆಲ್ಲ ಕೈಗೆ ಹತ್ತಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮುಟ್ಟಿದ ಕೂಡಲೇ ಬಂಡಿ ನಿಂತಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು.

ಮೊದಲು ಒಂದು ಕೋರಿಕೆ. ಇಬ್ಬರು ಪರದೆಯ ಫೋಟೋ ಕಳಿಸಿದ್ದೀರಿ. ಅದರಲ್ಲಿ ಪಾಸ್‌ವರ್ಡ್ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಆ ಫೋಟೋ ಅಳಿಸಿದ್ದೇನೆ. ಅದೇ ಪಾಸ್‌ವರ್ಡನ್ನು ಬೇರೆ ಎಲ್ಲಾದರೂ ಇಟ್ಟಿದ್ದರೆ ಇವತ್ತೇ ಬದಲಾಯಿಸಿ. ಮುಂದಿನ ಸಲ ಫೋಟೋ ಬೇಡ, ಬಂದ ಸಂದೇಶವನ್ನು ಒಂದಕ್ಷರ ಬಿಡದೆ ಬರೆದು ಕಳಿಸಿ. ಶಾಲೆಯಲ್ಲಿ ಮಕ್ಕಳಿಗೂ ನಾನು ಇದನ್ನೇ ಹೇಳುತ್ತಿದ್ದೆ. ಕೈಯಲ್ಲಿ ಬರೆಯುವಾಗ ಕಣ್ಣು ಓದದೆ ಬಿಟ್ಟದ್ದೂ ಕಾಣುತ್ತದೆ.

ಪ್ರಶ್ನೆ: ಟೀಚರ್, ನಮಸ್ಕಾರ. ಬಿ.ಎಸ್ಸಿ. ಮುಗಿಸಿ ಸದ್ಯ ಮನೆಯಲ್ಲಿದ್ದೇನೆ. ಅಪ್ಪನ ಅಡಿಕೆ ಲೆಕ್ಕವನ್ನು ಹ್ಯಾಸ್ಕೆಲ್‌ನಲ್ಲಿ ಬರೆಯೋಣ ಅಂತ ಹೊರಟೆ. ಯಾವ ದಿನ ಎಷ್ಟು ಕಿಲೋ ಹೋಯಿತು, ಹೊಸತೆಷ್ಟು, ಹಳತೆಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು, ಯಾವ ರೇಟು, ಇಷ್ಟೇ. ಎರಡು ತೊಂದರೆ ಬಂದಿದೆ. ಅಣ್ಣನ ಹಳೆ ಲ್ಯಾಪ್‌ಟಾಪ್‌ನಲ್ಲಿ ಮೊದಲು ಎಲ್ಲ ಸರಿ ಇತ್ತು. ಉಬುಂಟು 22.04ರಿಂದ 24.04ಕ್ಕೆ ಏರಿಸಿದ ಮೇಲೆ ‘ಕನೆಕ್ಷನ್ ರಿಫ್ಯೂಸ್ಡ್’ ಅನ್ನುತ್ತದೆ. ಸರ್ವಿಸ್ ನೋಡಿದರೆ ಹಸಿರು ಅಕ್ಷರದಲ್ಲಿ ‘ಆ್ಯಕ್ಟಿವ್’ ಅಂತಲೇ ಇದೆ. ಇನ್ನೊಂದು ನನ್ನ ಲ್ಯಾಪ್‌ಟಾಪ್‌ನದು. ಅಲ್ಲಿ ಕನೆಕ್ಷನ್ ಆಗುತ್ತದೆ, ತಪ್ಪು ಅಂತ ಏನೂ ಹೇಳುವುದಿಲ್ಲ, ಆದರೆ ಪಟ್ಟಿ ಖಾಲಿ ಬರುತ್ತದೆ. ಎಷ್ಟು ಸಾಲು ಬಂತು ನೋಡೋಣ ಅಂತ ನಡುವೆ ಉದ್ದ ಎಣಿಸಿ ತೋರಿಸುವ ಒಂದು ಸಾಲು ಸೇರಿಸಿದೆ. ತಕ್ಷಣ 31 ಸಾಲೂ ಬಂತು! ಆ ಸಾಲು ತೆಗೆದರೆ ಪುನಃ ಖಾಲಿ. ಮೂರು ದಿನದಿಂದ ತೆಗೆಯುವುದು, ಹಾಕುವುದು ಮಾಡುತ್ತಿದ್ದೇನೆ. ಅಣ್ಣ ವೈರಸ್ ಇರಬೇಕು ಅನ್ನುತ್ತಾನೆ. ಬಳಸಿದ ಲೈಬ್ರರಿ ಎಚ್‌ಡಿಬಿಸಿ. ಪ್ರೋಗ್ರಾಂ ಜೊತೆಗೆ ಇಟ್ಟಿದ್ದೇನೆ.
– ಮುಳ್ಳೇರಿಯದ ಓದುಗಿ

ಉತ್ತರ: ಮಗಳೇ, ವೈರಸ್ ಇಲ್ಲ, ಧೈರ್ಯವಾಗಿರು. ಎರಡನೆಯ ತೊಂದರೆಯಿಂದ ಶುರು ಮಾಡುತ್ತೇನೆ. ಬೇರೆ ಭಾಷೆ ಕಲಿಯುವವರಿಗೆ ಅದು ಅಷ್ಟಾಗಿ ಎದುರಾಗುವುದಿಲ್ಲ, ಹ್ಯಾಸ್ಕೆಲ್ ಕಲಿಯುವವರಿಗೆ ಬೇಗನೆ ಎದುರಾಗುತ್ತದೆ.

ನಿನ್ನ ಪ್ರೋಗ್ರಾಮಿನಲ್ಲಿ ನಾಲ್ಕು ಕೆಲಸ ಇದೆ. ಡೇಟಾಬೇಸ್‌ಗೆ ಸಂಪರ್ಕ. ಕ್ವಿಕ್‌ಕ್ವೆರಿ ಕರೆದು ಸಾಲುಗಳನ್ನು ತರುವುದು. ಡಿಸ್‌ಕನೆಕ್ಟ್. ಆಮೇಲೆ ಸಾಲುಗಳನ್ನು ಪರದೆಗೆ ಹಾಕುವುದು. ಓದಿದರೆ ಒಂದೂ ತಪ್ಪು ಕಾಣುವುದಿಲ್ಲ. ಕೆಲಸ ಆದ ಮೇಲೆ ಸಂಪರ್ಕ ಮುಚ್ಚಿದ್ದೀ, ಅದು ಒಳ್ಳೆಯ ಅಭ್ಯಾಸವೇ. ಆದರೆ ‘ಕೆಲಸ ಆದ ಮೇಲೆ’ ಅಂತ ನೀನು ಅಂದುಕೊಂಡ ಹೊತ್ತಿಗೆ ಕೆಲಸ ಶುರುವೇ ಆಗಿರಲಿಲ್ಲ.

ಕ್ವಿಕ್‌ಕ್ವೆರಿ ಸೋಮಾರಿ ಫಂಕ್ಷನ್. ಅದು ನಿನ್ನ ಕೈಗೆ ಅಡಿಕೆ ಕೊಡುವುದಿಲ್ಲ, ಒಂದು ಚೀಟಿ ಕೊಡುತ್ತದೆ. ‘ಗೋದಾಮಿನಲ್ಲಿ ಮಾಲಿದೆ, ಬೇಕಾದಾಗ ಬಂದು ತೆಗೆದುಕೋ’ ಅಂತ ಬರೆದ ಚೀಟಿ. ಮೂರನೆಯ ಸಾಲಿನಲ್ಲಿ ನೀನೇ ಗೋದಾಮಿನ ಬಾಗಿಲು ಹಾಕಿ ಬೀಗ ಜಡಿದೆ. ನಾಲ್ಕನೆಯ ಸಾಲಿನಲ್ಲಿ ಚೀಟಿ ಹಿಡಿದು ಹೋದರೆ ಒಳಗಿನಿಂದ ಏನು ಬರಬೇಕು? ಅದಕ್ಕೆ ಖಾಲಿ ಪಟ್ಟಿ. ನೀನು ಸೇರಿಸಿದ ಎಣಿಸುವ ಸಾಲು ಎಲ್ಲಿತ್ತು ನೋಡು. ಡಿಸ್‌ಕನೆಕ್ಟ್‌ಗಿಂತ ಮೊದಲು. ಉದ್ದ ಎಣಿಸಬೇಕಾದರೆ ಪಟ್ಟಿಯ ಕೊನೆಯವರೆಗೆ ನಡೆಯಲೇಬೇಕು. ಹಾಗೆ ನಡೆಯುವಾಗ 31 ಸಾಲೂ ಗೋದಾಮಿನಿಂದ ಹೊರಗೆ ಬಂದವು. ಆಮೇಲೆ ಬಾಗಿಲು ಹಾಕಿದರೂ ನಷ್ಟ ಇಲ್ಲ, ಮಾಲು ಆಗಲೇ ಕೈಯಲ್ಲಿದೆ. ಸುಮ್ನೆ ನೋಡಲು ಹಾಕಿದ ಸಾಲೇ ಕೆಲಸ ಮಾಡಿಸಿತು.

ಇದನ್ನು ನೀನೇ ಕಣ್ಣಾರೆ ನೋಡಬಹುದು. ಎಣಿಸುವ ಸಾಲನ್ನು ಕತ್ತರಿಸಿ ಡಿಸ್‌ಕನೆಕ್ಟ್‌ನ ಕೆಳಗೆ ಅಂಟಿಸು. ಸೊನ್ನೆ ಅನ್ನುತ್ತದೆ. ಅದೇ ಸಾಲು, ಅದೇ ಡೇಟಾಬೇಸ್, ಜಾಗ ಮಾತ್ರ ಬೇರೆ. ಇದನ್ನೊಮ್ಮೆ ಮಾಡಿ ನೋಡಿದರೆ ನನ್ನ ವಿವರಣೆ ಬೇಕಾಗಲಿಕ್ಕಿಲ್ಲ.

ಸರಿಪಡಿಸಲು ಸುಲಭದ ದಾರಿ, ಕ್ವಿಕ್‌ಕ್ವೆರಿ ಎಂಬ ಹೆಸರಿನ ಕೊನೆಗೆ ಒಂದು ಅಪಾಸ್ಟ್ರಫಿ ಹಾಕುವುದು. ಅಷ್ಟು ಚಿಕ್ಕ ಗುರುತು ಇರುವ ಹೆಸರು ಎಚ್‌ಡಿಬಿಸಿಯಲ್ಲಿ ಬೇರೆಯೇ ಫಂಕ್ಷನ್. ಅದು ಎಲ್ಲ ಸಾಲನ್ನೂ ತಂದ ಮೇಲೆಯೇ ಮರಳುತ್ತದೆ. ಮುದ್ರಣದಲ್ಲಿ ನೊಣದ ಹಿಕ್ಕೆಯಂತೆ ಕಾಣುವ ಈ ಗುರುತನ್ನು ಎಷ್ಟೋ ಜನ ನಕಲು ಮಾಡುವಾಗ ಬಿಟ್ಟುಬಿಡುತ್ತಾರೆ. ನೀನೂ ಹಾಗೇ ಬಿಟ್ಟಿರಬೇಕು ಅಂತ ನನ್ನ ಊಹೆ. ಹೊಸದಾಗಿ ಬರೆಯುವುದಾದರೆ ಪೋಸ್ಟ್‌ಗ್ರೆಸ್ಕ್ಯೂಎಲ್-ಸಿಂಪಲ್ ಎಂಬ ಲೈಬ್ರರಿ ಹಿಡಿ ಅಂತ ನಾನು ಹೇಳುತ್ತೇನೆ. ಅದರ ಕ್ವೆರಿ ಫಂಕ್ಷನ್ ಎಲ್ಲ ಸಾಲನ್ನೂ ತಂದು, ನೀನು ಹೇಳಿದ ಟೈಪ್‌ಗೆ ಬದಲಾಯಿಸಿ, ಆಮೇಲೆಯೇ ಉತ್ತರ ಕೊಡುತ್ತದೆ. ಲಕ್ಷಗಟ್ಟಲೆ ಸಾಲಿದ್ದರೆ ಒಂದೊಂದಾಗಿ ನಡೆಸಲು ಅದರಲ್ಲಿ ಫೋಲ್ಡ್ ಇದೆ. ಅಪ್ಪನ ಅಡಿಕೆ ಲೆಕ್ಕಕ್ಕೆ ಅದು ಬೇಡ.

ಎಚ್‌ಡಿಬಿಸಿಯಲ್ಲೇ ಮುಂದುವರಿಯುವುದಾದರೆ ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ನನಗೆ ಆದದ್ದು ನಿನಗೆ ಆಗಬಾರದು. ನಿವೃತ್ತಿಯಾದ ವರ್ಷ ಊರಿನ ವಾಚನಾಲಯದ ಪುಸ್ತಕಗಳನ್ನು ಪಟ್ಟಿ ಮಾಡಲು ಕೂತೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಸಂಜೆ ಐದರಿಂದ ಒಂಬತ್ತರವರೆಗೆ 60 ಪುಸ್ತಕದ ಹೆಸರು, ಬರೆದವರ ಹೆಸರು, ಕಪಾಟಿನ ಸಂಖ್ಯೆ ಎಲ್ಲ ತುಂಬಿಸಿದೆ. ಪ್ರೋಗ್ರಾಂ ಪ್ರತಿ ಸಲ ‘1 ಸಾಲು ಸೇರಿತು’ ಅಂತ ಹೇಳುತ್ತಿತ್ತು. ಮರುದಿನ ತೆರೆದರೆ ಒಂದೂ ಇಲ್ಲ. ಎಚ್‌ಡಿಬಿಸಿ ಎಲ್ಲವನ್ನೂ ಟ್ರಾನ್ಸಾಕ್ಷನ್ ಒಳಗೇ ನಡೆಸುತ್ತದೆ, ಅಂದರೆ ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು ಅನ್ನುವ ಕೆಲಸದ ಕಟ್ಟು. ಕಮಿಟ್ (ಖಾಯಂ ಮಾಡು) ಅಂತ ಹೇಳದೆ ಸಂಪರ್ಕ ಮುಚ್ಚಿದರೆ ಅಷ್ಟೂ ಹಿಂದಕ್ಕೆ ಹೋಗುತ್ತದೆ. ನಾನು ಕಮಿಟ್ ಬರೆದಿರಲಿಲ್ಲ. ಆ 60 ಪುಸ್ತಕವನ್ನು ಕಪಾಟಿನಿಂದ ಪುನಃ ಇಳಿಸಿದಾಗ ಬಂದ ಧೂಳಿನ ವಾಸನೆ ಈಗಲೂ ನೆನಪಿದೆ. ಆವತ್ತಿನಿಂದ ವಿತ್‌ಟ್ರಾನ್ಸಾಕ್ಷನ್ ಎಂಬ ಫಂಕ್ಷನ್ ಒಳಗೇ ಬರೆಯುತ್ತೇನೆ. ಒಳಗಿನ ಕೆಲಸ ಸರಿಯಾಗಿ ಮುಗಿದರೆ ಅದೇ ಕಮಿಟ್ ಮಾಡುತ್ತದೆ, ನಡುವೆ ಏನಾದರೂ ಮುರಿದರೆ ಅದೇ ಹಿಂದಕ್ಕೆ ತೆಗೆಯುತ್ತದೆ.

ಈಗ ಅಣ್ಣನ ಲ್ಯಾಪ್‌ಟಾಪ್. ಅಲ್ಲಿ ಹಸಿರು ಅಕ್ಷರದ ‘ಆ್ಯಕ್ಟಿವ್’ ಪಕ್ಕದಲ್ಲಿ ಆವರಣದೊಳಗೆ ಇನ್ನೊಂದು ಪದ ಇರುತ್ತದೆ, ‘ಎಕ್ಸಿಟೆಡ್’. ಅದನ್ನು ನೀನು ಬರೆದಿಲ್ಲ. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಹೆಸರಿನ ಸರ್ವಿಸ್ ಬರೀ ಹೊದಿಕೆ. ಒಳಗಿನ ನಿಜವಾದ ಸರ್ವರ್ ನಿಂತಿದ್ದರೂ ಹೊದಿಕೆ ಹಸಿರಾಗಿಯೇ ಇರುತ್ತದೆ. ನಿಜ ತಿಳಿಯಬೇಕಾದರೆ ಟರ್ಮಿನಲ್‌ನಲ್ಲಿ ಪಿಜಿ-ಎಲ್‌ಎಸ್‌ಕ್ಲಸ್ಟರ್ಸ್ ಎಂಬ ಆಜ್ಞೆ ಕೊಡು (ಪಿಜಿ ಆದ ಮೇಲೆ ಅಡಿಗೀಟು). ಎರಡು ಸಾಲು ಬರುತ್ತದೆ ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ. ಒಂದು 14, ಪೋರ್ಟ್ 5432, ಸ್ಥಿತಿ ‘ಡೌನ್’. ಇನ್ನೊಂದು 16, ಪೋರ್ಟ್ 5433, ಸ್ಥಿತಿ ‘ಆನ್‌ಲೈನ್’.

ಕಾರಣ ಹೇಳುತ್ತೇನೆ. ಉಬುಂಟು 22.04ರ ಜೊತೆ ಬರುವುದು ಪೋಸ್ಟ್‌ಗ್ರೆಸ್ 14. 24.04ರ ಜೊತೆ 16. ಏರಿಸುವಾಗ ಹೊಸದು ಬಂದು ಕೂತಿತು. 5432 ಹಳತರ ಹೆಸರಲ್ಲಿ ಇದ್ದ ಕಾರಣ ಹೊಸದು ಮುಂದಿನ ಬಾಗಿಲು 5433 ಹಿಡಿಯಿತು. ಕೊನೆಯಲ್ಲಿ ‘ಬೇಡದ ಹಳೆ ಪ್ಯಾಕೇಜ್ ತೆಗೆಯಲಾ’ ಅಂತ ಕೇಳಿದಾಗ ಅಣ್ಣ ‘ಹೂಂ’ ಅಂದಿರಬೇಕು. ಆಗ 14ರ ಪ್ರೋಗ್ರಾಂ ಹೋಯಿತು. ನಿನ್ನ ಹ್ಯಾಸ್ಕೆಲ್ ಈಗಲೂ 5432ರ ಬಾಗಿಲನ್ನೇ ಬಡಿಯುತ್ತಿದೆ, ಅಲ್ಲಿ ಯಾರೂ ಇಲ್ಲ.

ಇಲ್ಲಿ ನನ್ನ ಕೋರಿಕೆ ಒಂದೇ, ಅವಸರ ಬೇಡ. ಸುಮ್ನೆ ಪೋರ್ಟನ್ನು 5433 ಮಾಡಿದರೆ ಸಂಪರ್ಕ ಆಗುತ್ತದೆ, ಆದರೆ ಅದು ಹೊಸ ಖಾಲಿ ಮನೆ. ಲೆಕ್ಕ ಇರುವುದು ಹಳೆ ಮನೆಯಲ್ಲಿ. 14ರ ಪ್ರೋಗ್ರಾಂ ಹೋದರೂ ಅದರ ದತ್ತಾಂಶದ ಫೋಲ್ಡರ್ ಡಿಸ್ಕಿನಲ್ಲಿ ಹಾಗೇ ಇರುತ್ತದೆ, ಅದನ್ನು ಯಾರೂ ಮುಟ್ಟಬಾರದು. ಮೊದಲು ಆ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿಸು. ಆಮೇಲೆ ಪೋಸ್ಟ್‌ಗ್ರೆಸ್‌ನವರದೇ ಪ್ಯಾಕೇಜ್ ಭಂಡಾರ ಸೇರಿಸಿ 14ನ್ನು ಪುನಃ ಹಾಕು. ಏನೂ ತುಂಬಿಸದ ಹೊಸ 16ರ ಕ್ಲಸ್ಟರನ್ನು (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪು) ತೆಗೆದು, ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಆಜ್ಞೆಯಿಂದ (ಇಲ್ಲೂ ಅಡಿಗೀಟೇ) 14ನ್ನು 16ಕ್ಕೆ ಏರಿಸು. ತೆಗೆಯುವ ಆಜ್ಞೆ ಕೊಡುವ ಮೊದಲು ಅದರಲ್ಲಿ 16 ಅಂತ ಬರೆದಿದೆಯೋ 14 ಅಂತ ಬರೆದಿದೆಯೋ ಗಟ್ಟಿಯಾಗಿ ಓದು. ಅಣ್ಣನಿಗೂ ಓದಲು ಹೇಳು.

ಎಲ್ಲರಿಗೂ ಉಪಯೋಗ ಆಗಲಿ ಅಂತ ಇಲ್ಲೇ ಒಂದು ವಿಷಯ ಸೇರಿಸುತ್ತೇನೆ. ‘ಕನೆಕ್ಟ್ ಆಗುವುದಿಲ್ಲ’ ಅಂತ ಬರೆಯುತ್ತೀರಿ. ಎಲ್ಲಿ ನಿಂತಿತು ಅನ್ನುವುದು ಮುಖ್ಯ. ನಮ್ಮ ಕಡೆಯ ಮನೆಗೆ ಗೇಟು, ಜಗಲಿ, ಚಾವಡಿ ಇದ್ದ ಹಾಗೆ ಇದಕ್ಕೂ ಇದೆ. ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಗೇಟಿನಲ್ಲೇ ಯಾರೂ ಇಲ್ಲ. ಸರ್ವರ್ ನಡೆಯುತ್ತಿಲ್ಲ ಅಥವಾ ಪೋರ್ಟ್ ತಪ್ಪು. ಈ ಹಂತದಲ್ಲಿ ಪಾಸ್‌ವರ್ಡ್ ಬದಲಾಯಿಸುತ್ತಾ ಕೂತರೆ ಪ್ರಯೋಜನ ಇಲ್ಲ, ಅದನ್ನು ಯಾರೂ ಇನ್ನೂ ಕೇಳಿಯೇ ಇಲ್ಲ. ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಅಥವಾ ‘ಪೀರ್ ಅಥೆಂಟಿಕೇಷನ್ ಫೇಲ್ಡ್’ ಅಂದರೆ ಜಗಲಿಗೆ ಬಂದಿದ್ದೀರಿ, ನೀವು ಯಾರು ಅಂತ ಕೇಳುತ್ತಿದ್ದಾರೆ. ಸಂತೋಷದ ವಿಷಯ, ಸರ್ವರ್ ಬದುಕಿದೆ! ‘ಡೇಟಾಬೇಸ್ ಡಸ್ ನಾಟ್ ಎಕ್ಸಿಸ್ಟ್’ ಅಂದರೆ ಚಾವಡಿಗೇ ಬಂದಿದ್ದೀರಿ, ನೀವು ಹುಡುಕುವ ಕೋಣೆ ಮಾತ್ರ ಆ ಹೆಸರಲ್ಲಿ ಇಲ್ಲ.

ಪೀರ್ ಅನ್ನುವುದು ತುಂಬ ಜನರಿಗೆ ಗೊಂದಲ. ಹೋಸ್ಟ್ ಅಂತ ಏನೂ ಕೊಡದಿದ್ದರೆ ಲಿನಕ್ಸ್‌ನಲ್ಲಿ ಸಂಪರ್ಕ ಕಂಪ್ಯೂಟರಿನ ಒಳದಾರಿಯಿಂದ ಹೋಗುತ್ತದೆ. ಅಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ, ಲಾಗಿನ್ ಆದ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇ ಇದೆಯಾ ಅಂತ ನೋಡುತ್ತದೆ. ‘ಲೋಕಲ್‌ಹೋಸ್ಟ್’ ಅಂತ ಬರೆದರೆ ನೆಟ್‌ವರ್ಕ್ ದಾರಿ, ಅಲ್ಲಿ ಪಾಸ್‌ವರ್ಡ್ ಬೇಕು. ಕಲಿಯುವವರಿಗೆ ನನ್ನ ಸಲಹೆ, ನಿಮ್ಮ ಲಾಗಿನ್ ಹೆಸರಲ್ಲೇ ಒಬ್ಬ ಡೇಟಾಬೇಸ್ ಬಳಕೆದಾರನನ್ನು ಮಾಡಿ, ಆ ಹೆಸರಲ್ಲಿ ಡೇಟಾಬೇಸ್ ಮಾಡಿ, ಹ್ಯಾಸ್ಕೆಲ್‌ನಲ್ಲಿ ಡೇಟಾಬೇಸ್ ಹೆಸರು ಮಾತ್ರ ಕೊಡಿ. ಪಾಸ್‌ವರ್ಡಿನ ತಲೆನೋವೇ ಇಲ್ಲ. ಅನುಮತಿಯ ಫೈಲಿನಲ್ಲಿ ಎಲ್ಲ ಕಡೆ ‘ಟ್ರಸ್ಟ್’ ಅಂತ ಬರೆದುಬಿಡಿ ಅನ್ನುವ ಉಪದೇಶ ಕೇಳಬೇಡಿ. ಅದು ಬೀಗ ಕಳೆದುಹೋಯಿತು ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಹೆಸರಿನ ವಿಷಯದಲ್ಲಿ ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರ ನೋಡಿಕೊಳ್ಳಿ. ಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸ್ ಹೆಸರನ್ನು ದೊಡ್ಡಕ್ಷರದಿಂದ ಶುರು ಮಾಡಿ ಬರೆದರೂ ಉದ್ಧರಣ ಚಿಹ್ನೆ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಸಣ್ಣಕ್ಷರ ಮಾಡಿಯೇ ಇಟ್ಟುಕೊಳ್ಳುತ್ತದೆ. ಸಂಪರ್ಕದ ಸಾಲಿನಲ್ಲಿ ಮಾತ್ರ ನೀವು ಬರೆದಂತೆಯೇ ಹುಡುಕುತ್ತದೆ. ಅದಕ್ಕೆ ‘ನಾನೇ ಮಾಡಿದ ಡೇಟಾಬೇಸ್ ಇಲ್ಲ ಅನ್ನುತ್ತದೆ’ ಅಂತ ಎಷ್ಟೋ ಜನ ಬರೆಯುವುದು.

ಪ್ರಶ್ನೆ: ನಮಸ್ಕಾರ ರೀ ಅಕ್ಕಾರ. ನಾನು ಜತ್ತ ತಾಲೂಕಿನ ಕನ್ನಡ ಶಾಲೆಯ ಶಿಕ್ಷಕ. ನಮ್ಮ ವರ್ಗದ ಮಕ್ಕಳ ಹೆಸರು ಮತ್ತು ಊರನ್ನು ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದಲ್ಲೇ ಹಾಕಿದ್ದೇನೆ. ಹ್ಯಾಸ್ಕೆಲ್‌ನಿಂದ ತೆಗೆದರೆ ಅಕ್ಷರ ಹೋಗಿ ಬರೀ ಸಂಖ್ಯೆ ಬರುತ್ತವೆ. ‘ಜತ್ತ’ ಎಂದು ಹಾಕಿದ್ದು \3228\3236\3277\3236 ಎಂದು ಬಂತು. ಡೇಟಾಬೇಸ್ ಕನ್ನಡವನ್ನು ಕೆಡಿಸಿತೇ? ಇಂಗ್ಲಿಷ್‌ನಲ್ಲೇ ಹಾಕಬೇಕೇನು? ಕೆಲವು ಹೆಸರು ಒಳಗೇ ಹೋಗುತ್ತಿಲ್ಲ, ಉದ್ದ ಜಾಸ್ತಿ ಎನ್ನುತ್ತದೆ. ನಾನು ಕೊಟ್ಟದ್ದು 10 ಅಕ್ಷರದ ಜಾಗ.
– ಜತ್ತದ ಓದುಗರು

ಉತ್ತರ: ಸರ್, ಇಂಗ್ಲಿಷ್‌ಗೆ ಬದಲಾಯಿಸಲೇಬೇಡಿ. ನಿಮ್ಮ ಕನ್ನಡ ಸುರಕ್ಷಿತವಾಗಿದೆ. ಪತ್ರ ಓದಿ ನನಗೆ ತುಂಬ ಖುಷಿಯಾಯಿತು, ಯಾಕೆಂದರೆ ಆ ಸಂಖ್ಯೆಗಳೇ ಸಾಕ್ಷಿ. ಒಂದು ಕಾಗದದಲ್ಲಿ ಬಿಡಿಸಿ ನೋಡಿ. 3228 ಅಂದರೆ ಜ. 3236 ಅಂದರೆ ತ. 3277 ಅಂದರೆ ಒತ್ತು ಕೊಡುವ ಅರ್ಧಾಕ್ಷರದ ಗುರುತು. ಪುನಃ 3236, ಇನ್ನೊಂದು ತ. ಜ, ತ್, ತ. ಜತ್ತ! ಒಂದಕ್ಷರವೂ ಕೆಟ್ಟಿಲ್ಲ. ಯೂನಿಕೋಡ್ ಪ್ರತಿ ಕನ್ನಡ ಗುರುತಿಗೂ ಕೊಟ್ಟ ಸಂಖ್ಯೆ ಇದು.

ಸಂಖ್ಯೆ ತೋರಿಸುತ್ತಿರುವುದು ಡೇಟಾಬೇಸ್ ಅಲ್ಲ, ನೀವು ಬಳಸಿದ ಪ್ರಿಂಟ್. ಹ್ಯಾಸ್ಕೆಲ್‌ನ ಪ್ರಿಂಟ್ ಒಳಗೆ ಶೋ ಎಂಬ ಫಂಕ್ಷನ್ ಇದೆ. ಅದು ಪಠ್ಯವನ್ನು ಪ್ರೋಗ್ರಾಮಿನೊಳಗೆ ಬರೆಯುವ ರೂಪದಲ್ಲಿ ತೋರಿಸುತ್ತದೆ. ಮೂಲ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಎಲ್ಲವನ್ನೂ ಸಂಖ್ಯೆ ಮಾಡುತ್ತದೆ. ಪ್ರಿಂಟ್ ತೆಗೆದು ಪುಟ್‌ಎಸ್‌ಟಿಆರ್‌ಎಲ್‌ಎನ್ ಹಾಕಿ, ಟೆಕ್ಸ್ಟ್ ಲೈಬ್ರರಿಯಲ್ಲೂ ಅದೇ ಹೆಸರಿನದು ಇದೆ. ಕನ್ನಡ ಕನ್ನಡವಾಗಿಯೇ ಬರುತ್ತದೆ. ‘ಅಕ್ಷರ ಎನ್‌ಕೋಡ್ ಮಾಡಲಾಗುವುದಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಪ್ರೋಗ್ರಾಮಿನ ಮೊದಲಲ್ಲೇ ಹೊರಗೆ ಹೋಗುವ ಎನ್‌ಕೋಡಿಂಗ್ ಯುಟಿಎಫ್-8 ಅಂತ ನಿಗದಿ ಮಾಡಿ.

ಇನ್ನೊಂದು ಗುರುತು ಇಟ್ಟುಕೊಳ್ಳಿ. ನಿಮಗೆ ಬಂದದ್ದು ಮೂರು ಸಾವಿರದ ಮೇಲಿನ ಸಂಖ್ಯೆ, ಅದು ಒಳ್ಳೆಯದು. ಯಾರಿಗಾದರೂ 224 178, 224 179 ಅಂತ ಮತ್ತೆ ಮತ್ತೆ ಬಂದರೆ ಅದು ಅಕ್ಷರ ಅಲ್ಲ, ಬೈಟುಗಳು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಗುರುತಿಗೂ 3 ಬೈಟು, ಮೊದಲ ಎರಡು ಯಾವಾಗಲೂ ಈ ಎರಡು ಜೋಡಿಗಳಲ್ಲಿ ಒಂದು. ಹಾಗೆ ಕಂಡರೆ ಬೈಟಿನಿಂದ ಟೆಕ್ಸ್ಟ್‌ಗೆ ಡಿಕೋಡ್ ಮಾಡಲು ಬಿಟ್ಟುಹೋಗಿದೆ ಅಂತ ತಿಳಿಯಬೇಕು. ನಮ್ಮ ಭಾಷೆಯವರಿಗೆ ಮಾತ್ರ ಸಿಗುವ ಸುಳಿವು ಇದು, ಇಂಗ್ಲಿಷ್ ಪಾಠಗಳಲ್ಲಿ ಇರುವುದಿಲ್ಲ.

ಉದ್ದದ ಸಮಸ್ಯೆಗೆ ಕಾರಣ ಬೈಟು ಅಲ್ಲ, ಮೇಲೆ ಬಿಡಿಸಿ ನೋಡಿದ ಬಿಡಿ ಗುರುತುಗಳು. ‘ಕೃಷ್ಣಮೂರ್ತಿ’ ಅಂತ ಬರೆದರೆ ನಿಮ್ಮ ಕಣ್ಣಿಗೆ 4 ಅಕ್ಷರ. ಪೋಸ್ಟ್‌ಗ್ರೆಸ್ ಎಣಿಸುವುದು ಬಿಡಿ ಗುರುತುಗಳನ್ನು. ಕ, ಅದರ ವಟ್ರಸುಳಿ, ಷ, ಅರ್ಧಾಕ್ಷರದ ಗುರುತು, ಣ, ಮ, ದೀರ್ಘ ಕೊಂಬು, ರ, ಪುನಃ ಅರ್ಧಾಕ್ಷರದ ಗುರುತು, ತ, ಗುಡಿಸು. ಒಟ್ಟು 11. ನೀವು ಕೊಟ್ಟ ಜಾಗ 10. ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿಬಿಡಿ. ಪೋಸ್ಟ್‌ಗ್ರೆಸ್‌ನಲ್ಲಿ ಅದರಿಂದ ವೇಗಕ್ಕೆ ನಷ್ಟ ಇಲ್ಲ. ಮಗುವಿನ ಹೆಸರನ್ನು ಜಾಗ ಸಾಲದು ಅಂತ ತುಂಡು ಮಾಡಬಾರದು.

ಪ್ರಶ್ನೆ: ಅಕ್ಕಾ, ನಾನು ಎಲಿಕ್ಸಿರ್ ಕಲಿಯುತ್ತಿದ್ದೇನೆ. ಮಾವನ ತರಕಾರಿ ಲೋಡಿನ ಲೆಕ್ಕ ಒಂದು ಫೈಲಿನಲ್ಲಿ 500 ಸಾಲು ಇದೆ. ಅದನ್ನು ಡೇಟಾಬೇಸ್‌ಗೆ ಹಾಕುವ ಫಂಕ್ಷನ್ ಬರೆದು ಪ್ರತಿ ಸಾಲಿಗೂ ಓಡಿಸಿದೆ. ಎಷ್ಟು ಸಲ ಮಾಡಿದರೂ 96 ಸಾಲು ಹೋಗಿ ನಿಲ್ಲುತ್ತದೆ. ಉಳಿದ ಕನೆಕ್ಷನ್ ಸ್ಲಾಟುಗಳು ಮೀಸಲು ಅನ್ನುವ ಸಂದೇಶ ಬರುತ್ತದೆ. 97ನೇ ಸಾಲಿನಲ್ಲಿ ಏನೋ ತಪ್ಪಿದೆ ಅಂತ ಅಳಿಸಿ ನೋಡಿದೆ. ಆಗಲೂ 96ಕ್ಕೇ ನಿಂತಿತು.
– ತಾಳವಾಡಿಯ ಓದುಗ

ಉತ್ತರ: ತಮ್ಮಾ, ಅಳಿಸಿದ ಆ ಸಾಲನ್ನು ವಾಪಸ್ ಹಾಕು, ಅದರ ತಪ್ಪಿಲ್ಲ. 96 ಅಂತ ಸರಿಯಾಗಿ ಎಣಿಸಿ ಬರೆದೆಯಲ್ಲ, ಅದರಿಂದಲೇ ಉತ್ತರ ಸಿಕ್ಕಿತು. ಪೋಸ್ಟ್‌ಗ್ರೆಸ್ ಒಮ್ಮೆಗೆ ಒಪ್ಪುವ ಸಂಪರ್ಕ, ಯಾರೂ ಬದಲಾಯಿಸದಿದ್ದರೆ, 100. ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಉಳಿದದ್ದು 97. ಇನ್ನೊಂದು ಕಿಟಕಿಯಲ್ಲಿ ನೀನು ಪಿಎಸ್‌ಕ್ಯೂಎಲ್ ತೆರೆದಿಟ್ಟು ಎಷ್ಟು ಸಾಲು ಬಂತು ಅಂತ ನೋಡುತ್ತಿದ್ದೆ, ಅಲ್ವಾ? ಅದು ಒಂದು. ಉಳಿದದ್ದು 96.

ಅಂದರೆ ಸಂಪರ್ಕ ಶುರು ಮಾಡುವ ಸಾಲು ನಿನ್ನ ಫಂಕ್ಷನ್ ಒಳಗೇ ಇದೆ. ಪ್ರತಿ ಸಾಲಿಗೂ ಹೊಸ ಸಂಪರ್ಕ ಹುಟ್ಟುತ್ತಿದೆ, ಯಾವುದೂ ಮುಚ್ಚುತ್ತಿಲ್ಲ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಬೇರೆಯೇ ಒಂದು ಪ್ರೋಸೆಸ್ ನಡೆಸುತ್ತದೆ, ಹಾಗಾಗಿ ಅದು ಅಗ್ಗದ ವಸ್ತು ಅಲ್ಲ. ಮಿತಿಯನ್ನು 1000 ಮಾಡಿಬಿಡು ಅಂತ ಯಾರಾದರೂ ಹೇಳಿಯಾರು, ಬೇಡ. ಸಂಪರ್ಕವನ್ನು ಹೊರಗೆ ಒಂದೇ ಸಲ ಶುರು ಮಾಡು, ಅದನ್ನು ಫಂಕ್ಷನ್‌ಗೆ ಇನ್‌ಪುಟ್ ಆಗಿ ಕೊಡು. ಮುಂದೆ ಎಕ್ಟೋ ಎಂಬ ಎಲಿಕ್ಸಿರ್ ಲೈಬ್ರರಿ ಬಳಸಿದರೆ ಅದೇ ಒಂದು ಪೂಲ್ ಇಟ್ಟುಕೊಂಡು 10 ಸಂಪರ್ಕವನ್ನು ಸರದಿಯಲ್ಲಿ ಹಂಚುತ್ತದೆ. 500 ಸಾಲಿಗೆ ಒಂದೇ ಸಾಕು.

ಫಂಕ್ಷನ್‌ಗೆ ಬೇಕಾದ್ದೆಲ್ಲ ಇನ್‌ಪುಟ್ ಆಗಿಯೇ ಬರಲಿ ಅಂತ ಈ ಭಾಷೆಗಳನ್ನು ಕಲಿಸುವವರು ಮೊದಲ ಪಾಠದಲ್ಲೇ ಹೇಳುತ್ತಾರೆ. ಸಂಪರ್ಕಕ್ಕೂ ಅದೇ ನಿಯಮ ಹಿಡಿ.

ಪ್ರಶ್ನೆ: ಮೇಡಂ, ಎರಡು ವಾರದಿಂದ ಹ್ಯಾಸ್ಕೆಲ್‌ನಲ್ಲಿ ಡೇಟಾಬೇಸ್ ಲೈಬ್ರರಿ ಬಿಲ್ಡ್ ಮಾಡಲೂ ಆಗಲಿಲ್ಲ. ಪಿಜಿ-ಕಾನ್ಫಿಗ್ ಸಿಗಲಿಲ್ಲ ಅನ್ನುತ್ತದೆ. ಇದನ್ನು ಬಿಟ್ಟು ಪೈಥಾನ್‌ಗೆ ಹೋಗಲಾ? ಇದರಿಂದ ಕೆಲಸ ಸಿಗುತ್ತಾ?
– ರಾಯದುರ್ಗದ ಓದುಗ

ಉತ್ತರ: ಮೊದಲು ಬಿಲ್ಡ್. ಉಬುಂಟುವಿನಲ್ಲಿ ಲಿಬ್‌ಪಿಕ್ಯೂ-ಡೆವ್ ಎಂಬ ಪ್ಯಾಕೇಜ್ ಹಾಕಿ. ಪಿಜಿ-ಕಾನ್ಫಿಗ್ ಅದರೊಳಗೇ ಇದೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ವಾರ ಹೋಯಿತಲ್ಲ ಅಂತ ಬೇಜಾರಾಗಬೇಡಿ. ಸಂದೇಶ ಪ್ರೋಗ್ರಾಮಿನ ಹೆಸರು ಹೇಳುತ್ತದೆ, ಅದು ಯಾವ ಪ್ಯಾಕೇಜಿನಲ್ಲಿದೆ ಅಂತ ಹೇಳುವುದಿಲ್ಲ. ಅದು ಯಾರಾದರೂ ಒಮ್ಮೆ ಹೇಳಿಕೊಡಬೇಕಾದ ವಿಷಯ.

ಪೈಥಾನ್‌ಗೆ ಹೋದರೂ ‘ಕನೆಕ್ಷನ್ ರಿಫ್ಯೂಸ್ಡ್’ ಬಂದೇ ಬರುತ್ತದೆ. ಪೈಥಾನಿನ ಸೈಕಾಪಿಜಿಯೂ ಹ್ಯಾಸ್ಕೆಲ್ ಬಳಸುವ ಅದೇ ಲಿಬ್‌ಪಿಕ್ಯೂ ಮೂಲಕವೇ ಪೋಸ್ಟ್‌ಗ್ರೆಸ್ ಜೊತೆ ಮಾತಾಡುತ್ತದೆ. ಮೇಲೆ ಹೇಳಿದ ಗೇಟು, ಜಗಲಿ, ಚಾವಡಿಯ ತೊಂದರೆ ಭಾಷೆಯದಲ್ಲ.

ಕೆಲಸದ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಜಾವಾ, ಪೈಥಾನ್‌ಗೆ ಇರುವಷ್ಟು ಜಾಹೀರಾತು ಹ್ಯಾಸ್ಕೆಲ್‌ಗೆ ಇಲ್ಲ. ಮನೆಯ ಖರ್ಚು ನಿಮ್ಮ ಮೇಲೆ ಇದ್ದರೆ ಪೈಥಾನ್ ಮೊದಲು ಕಲಿಯಿರಿ, ಅದರಲ್ಲಿ ಅವಮಾನ ಏನಿಲ್ಲ. ಸಮಯ ಇದ್ದರೆ ಇದನ್ನು ಬಿಡಬೇಡಿ. ಎಲಿಕ್ಸಿರ್ ನಡೆಯುವುದು ಎರ್ಲಾಂಗ್‌ನ ಯಂತ್ರದ ಮೇಲೆ. ಎರಿಕ್ಸನ್ ಕಂಪೆನಿಯವರು ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ 1980ರ ದಶಕದಲ್ಲಿ ಮಾಡಿದ ಭಾಷೆ ಎರ್ಲಾಂಗ್. ನೀವು ದಿನಾ ಬಳಸುವ ವಾಟ್ಸ್‌ಆ್ಯಪ್‌ನ ಸರ್ವರ್ ಕಟ್ಟಿದ್ದೂ ಅದರಲ್ಲೇ.

ಪ್ರಶ್ನೆ: ಟೀಚರ್, ನಮ್ಮಲ್ಲಿ ಮಳೆ ಶುರುವಾದರೆ ಕರೆಂಟು ಯಾವಾಗ ಹೋಗುತ್ತದೆ ಹೇಳಲು ಸಾಧ್ಯ ಇಲ್ಲ. ನನ್ನದು ಡೆಸ್ಕ್‌ಟಾಪ್, ಯುಪಿಎಸ್‌ನ ಬ್ಯಾಟರಿ ಸತ್ತಿದೆ. ಮೊನ್ನೆ ಸಿಡಿಲಿಗೆ ಕರೆಂಟು ಹೋಗಿ ಬಂದ ಕೂಡಲೇ ಪ್ರೋಗ್ರಾಂ ಓಡಿಸಿದರೆ ‘ದ ಡೇಟಾಬೇಸ್ ಸಿಸ್ಟಂ ಈಸ್ ಸ್ಟಾರ್ಟಿಂಗ್ ಅಪ್’ ಅಂತ ಬಂತು. ಎಲ್ಲ ಹಾಳಾಯಿತಾ?
– ಪೆರ್ಲದ ಓದುಗ

ಉತ್ತರ: ಇಲ್ಲ ಮಗಾ, ಅದು ಹಾಳಾದ ಸಂದೇಶ ಅಲ್ಲ. ‘ಎದ್ದೆ, ಮುಖ ತೊಳೆಯುತ್ತಿದ್ದೇನೆ, ಸ್ವಲ್ಪ ತಾಳು’ ಅಂತ ಹೇಳುತ್ತಿದೆ. ಪೋಸ್ಟ್‌ಗ್ರೆಸ್ ಯಾವ ಬದಲಾವಣೆಯನ್ನಾದರೂ ಮೊದಲು ಒಂದು ದಿನಚರಿಯಲ್ಲಿ ಬರೆಯುತ್ತದೆ, ಅದು ಡಿಸ್ಕಿಗೆ ತಲುಪಿದ ಮೇಲೆಯೇ ಕಮಿಟ್ ಆಯಿತು ಅಂತ ಹೇಳುತ್ತದೆ. ಕರೆಂಟು ಹೋಗಿ ಬಂದಾಗ ಆ ದಿನಚರಿ ಓದಿ ಉಳಿದದ್ದನ್ನು ಸರಿಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಹೋದರೆ ಈ ಸಂದೇಶ. ಅರ್ಧ ನಿಮಿಷ ಬಿಟ್ಟು ಪುನಃ ಓಡಿಸು. ಕಮಿಟ್ ಆದದ್ದು ಇರುತ್ತದೆ, ಆಗದ್ದು ಇರುವುದಿಲ್ಲ.

ಆ ದಿನಚರಿಯ ಫೋಲ್ಡರಿನ ಹೆಸರು ಪಿಜಿ-ವಾಲ್. ಮೊದಲು ಅದನ್ನು ಪಿಜಿ-ಎಕ್ಸ್‌ಲಾಗ್ ಅನ್ನುತ್ತಿದ್ದರು. ಲಾಗ್ ಅಂತ ಕಂಡ ಕಾರಣ ಬೇಡದ ಕಸ ಅಂದುಕೊಂಡು ಜನ ಅಳಿಸಿ ಡೇಟಾಬೇಸ್ ಕಳೆದುಕೊಳ್ಳುತ್ತಿದ್ದರು. 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಾಯಿಸಿದರು. ಡಿಸ್ಕಿನಲ್ಲಿ ಜಾಗ ಸಾಲದಿದ್ದರೂ ನೀನು ಅದಕ್ಕೆ ಕೈ ಹಾಕಬೇಡ.

ಡಿಸ್ಕೇ ಸಿಡಿಲಿಗೆ ಸುಟ್ಟರೆ ದಿನಚರಿಯೂ ಹೋಗುತ್ತದೆ. ಮಳೆಗಾಲ ಮುಗಿಯುವವರೆಗೆ ಪ್ರತಿ ಸಂಜೆ ಪಿಜಿ-ಡಂಪ್ ಆಜ್ಞೆಯಿಂದ (ಇಲ್ಲೂ ಅಡಿಗೀಟೇ) ಡೇಟಾಬೇಸಿನ ಪ್ರತಿ ತೆಗೆದು ಪೆನ್‌ಡ್ರೈವ್‌ಗೆ ಹಾಕು, ಹಾಕಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಕಿತ್ತು ಬೇರೆ ಇಡು. ಆಕಾಶ ಕಪ್ಪಾಗುವ ಹೊತ್ತಿಗೆ ಪ್ಲಗ್ಗನ್ನೂ ಕಿತ್ತಿಡು.